ಬಾಳೆಪಾತಿಯ ಎರೆಹುಳು

ಹೊಳೆದಂಡೆಯಲ್ಲೊಂದು ಆಶ್ರಮ. ದೇವರ ದಯೆ, ಅಲ್ಲಿನ ಬಾಳೆಪಾತಿ ಸದಾ ತೇವ. ಕೈಯಿಟ್ಟಲ್ಲಿ ಎರೆಹುಳು.

ಊರಿನ ಬಡವಿ ಹುಲಿಗೆಮ್ಮ ಆ ಹುಳು ಹೆಕ್ಕಿ, ಹೊಳೆಗೆ ಗಾಳ ಹಾಕಿ, ಮೀನು ಮಾರಿ ಮಕ್ಕಳನ್ನು ಸಾಕುತ್ತಿದ್ದಳು.

ಆಶ್ರಮದ ಶಿಷ್ಯ ಶಂಭುಲಿಂಗ ಅವಳಿಗೊಂದು ಕಟ್ಟಳೆ ಮಾಡಿದ. ಒಂದು ತೆಂಗಿನ ಚಿಪ್ಪು ಹುಳುವಿಗೆ ಒಂದು ಮೀನು ಮಾರಿದ ಕಾಸು, ದೇವರ ದೀಪದೆಣ್ಣೆಗೆ. ಕೆಲವು ದಿನ ಹೇಗೋ ಕೊಟ್ಟಳು. ಒಂದು ಬೆಳಿಗ್ಗೆ ಕಾಸಿಲ್ಲವೆಂದಾಗ, ಚಿಪ್ಪು ಕಸಿದು ಹುಳುವನ್ನು ಮಣ್ಣಿಗೆ ಸುರಿದುಬಿಟ್ಟ.

ಹುಲಿಗೆಮ್ಮ ನೇರ ಆಶ್ರಮದ ಗುರುಗಳ ಮುಂದೆ ನಿಂತಳು.

"ಅಜ್ಜಾರ, ಮೀನು ಬೀಳದ ದಿನ ಏನು ಕೊಡ್ಲಿ? ನನ್ನ ಬೆರಳು ಕೊಯ್ದು ಕೊಡ್ಲೇನು?"

ಗುರುಗಳು ಶಿಷ್ಯನತ್ತ ತಿರುಗಿದರು. "ಏನಪ್ಪಾ ಇದು?"

"ಹುಳುವಿಗೆ ಖರ್ಚಿಲ್ಲ ಗುರುಗಳೇ, ಹೊಳೆಗೆ ಬಾಡಿಗೆಯಿಲ್ಲ. ಇವಳಿಗೆ ಸಿಕ್ಕಿದ್ದೆಲ್ಲ ಲಾಭವೇ."

"ಹಾಗೋ? ಇವತ್ತು ಹುಳು ನೀನೇ ಹೆಕ್ಕಿಕೊಡು. ಸಂಜೆಯವರೆಗೆ ಜೊತೆಗಿದ್ದು ಆ ಲಾಭ ನೋಡಿ ಬಾ."

"ಮೀನು ಕೊಲ್ಲುವ ಕೆಲಸಕ್ಕೆ ನಾನೇ? ಪಾಪವಲ್ಲವೇ?"

ಎಂದೂ ದನಿಯೇರಿಸದ ಗುರುಗಳು ಗುಡುಗಿದರು. "ಮೀನಿನ ಕಾಸಿಗೆ ಕೈಯೊಡ್ಡುವಾಗ ಆ ಪಾಪ ಎಲ್ಲಿ ಹೋಗಿತ್ತು?"

ಶಂಭುಲಿಂಗ ಕೆಸರಿಗೆ ಬಗ್ಗಿದ. ಎಳೆದರೆ ಹುಳು ಹರಿದು ತುಂಡಾಯಿತು.

"ಮೆಲ್ಲಕ, ಸ್ವಾಮಿ," ಹುಲಿಗೆಮ್ಮ ನಕ್ಕಳು. "ಅದೇನು ಜಪಮಣಿ ಅಲ್ಲ, ಹಂಗ ಜಗ್ಗಾಕ."

ಬಿಸಿಲೇರುವ ಹೊತ್ತಿಗೆ ಅವನ ಸೊಂಟ ಹಿಡಿದಿತ್ತು. ಚಿಪ್ಪು ಅರ್ಧವೂ ತುಂಬಿರಲಿಲ್ಲ.

ಹೊಳೆಯಲ್ಲಿ ಪುಡಿಮೀನುಗಳು ಹುಳುವನ್ನಷ್ಟೇ ಕಚ್ಚಿಕೊಂಡು ಹೋದವು. ಅವಳು ಮತ್ತೆ ಪೋಣಿಸಿದಳು. ಮತ್ತೆ ಹೋಯಿತು. ಹೊತ್ತು ಮುಳುಗಿದಾಗ ಚಿಪ್ಪೂ ಖಾಲಿ, ಬುಟ್ಟಿಯೂ ಖಾಲಿ.

"ಇವತ್ತಿಗೆ ಮಕ್ಕಳಿಗೆ ನೀರೇ ಗಂಜಿ," ಎಂದು ಅವಳು ದಾರ ಸುತ್ತಿಕೊಂಡು ಹೋದಳು.

ಆಶ್ರಮದ ಬಾಗಿಲಲ್ಲೇ ಗುರುಗಳು ಕೈಯೊಡ್ಡಿ ನಿಂತಿದ್ದರು. "ದೇವರ ಪಾಲು ತಂದೆಯೇನು?"

ಶಂಭುಲಿಂಗನ ಮೈಯೆಲ್ಲ ಉರಿಯಿತು. "ಅವಳ ಒಲೆ ಉರಿದಿಲ್ಲ, ನೀವು ಪಾಲು ಕೇಳುತ್ತೀರಾ? ದಿನವೆಲ್ಲ ಬಿಸಿಲಲ್ಲಿ ಬೆಂದವಳು ಅವಳು! ಯಾವ ದೇವರು ಈ ಕಾಸು ಮುಟ್ಟುತ್ತಾನೆ?"

ಕೂಗಿದ ಮೇಲೆ ತಾನೇ ಬೆಚ್ಚಿದ. ತಲೆ ತಗ್ಗಿಸಿದ.

ಗುರುಗಳು ಒಳಗೆ ಹೋಗಿ, ಆಶ್ರಮದ ಅಕ್ಕಿಚೀಲವನ್ನು ತಂದು ಅವನ ಹೆಗಲಿಗೇರಿಸಿದರು.

"ಹುಲಿಗೆಮ್ಮನ ಮನೆಗೆ ನಡೆ. ದಾನ ಅಂತ ಬಾಯಿಬಿಟ್ಟೀಯೆ, ಜೋಕೆ! ಕಿತ್ತುಕೊಂಡದ್ದನ್ನು ಹಿಂದಿರುಗಿಸಲು ಬಂದೆ ಅನ್ನು."