ಒಳಸೆರಗಿನ ಗುರುತು

"ಬುದ್ಧೀ, ಮುಚ್ಚಿಡುವಂಥದ್ದು ಏನೂ ಇಲ್ಲದವರ ಸಂಗತಿಯನ್ನು ಇನ್ನೊಬ್ಬರಿಗೆ ಹೇಳಿದರೆ ತಪ್ಪೇನು?"

ಮಠದ ಜಗುಲಿಯಲ್ಲಿ ಕುಳಿತಿದ್ದ ಸ್ವಾಮಿಗಳನ್ನು ಹೀಗೆ ಕೇಳಿದವನು ಶಿಷ್ಯ ಹಾಲೇಶ. ಪೇಟೆಯಲ್ಲಿ ಅವನದು ಮನೆ ಸ್ವಚ್ಛ ಮಾಡಿಕೊಡುವ ವ್ಯವಹಾರ. ಅವನ ಕಡೆಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ನೆಲ ಒರೆಸಿ, ಬಚ್ಚಲು ತಿಕ್ಕಿ, ಜೇಡರ ಬಲೆ ತೆಗೆದು ಬರುತ್ತಿದ್ದರು. ಹಗಲೆಲ್ಲ ಮನೆಯಲ್ಲಿರದ ಗಿರಾಕಿಗಳು ಇನ್ನೊಂದು ಬೀಗದಕೈಯನ್ನು ಅವನ ಬಳಿಯೇ ಬಿಟ್ಟಿದ್ದರು. ಯಾರು ಯಾವಾಗ ಮನೆಗೆ ಬರುತ್ತಾರೆ, ಯಾರು ಹಾಸಿಗೆ ಹಿಡಿದಿದ್ದಾರೆ, ಯಾರನ್ನು ನೋಡಲು ಯಾರು ಬಂದು ಹೋಗುತ್ತಾರೆ, ಎಲ್ಲವೂ ಅವನ ಫೋನಿನಲ್ಲಿತ್ತು. ಈಗ ಪೇಟೆಯ ಮುಖಂಡನೊಬ್ಬ ಆ ವಿವರವನ್ನೆಲ್ಲ ಕೇಳಿದ್ದ. ಯಾರೋ ಆ ಮುಖಂಡನ ವಿರುದ್ಧ ಗೋಡೆಗೋಡೆಗೆ ಚೀಟಿ ಅಂಟಿಸಿದ್ದರು. ಅಂಥವರು ಯಾವ ಮನೆಯಲ್ಲಿ ಸೇರುತ್ತಾರೆಂದು ಅವನಿಗೆ ತಿಳಿಯಬೇಕಿತ್ತು. ಸಂಜೆಯೊಳಗೆ ಕೊಡದಿದ್ದರೆ ನಿನ್ನ ವ್ಯವಹಾರಕ್ಕೆ ಬೀಗ ಹಾಕಿಸುತ್ತೇನೆ ಎಂದಿದ್ದ.

"ನಾನು ಯಾರ ಮನೆಯಿಂದಲೂ ಒಂದು ಚಮಚ ಎತ್ತಿದವನಲ್ಲ, ಬುದ್ಧೀ. ನನ್ನ ಗಿರಾಕಿಗಳೆಲ್ಲ ಮರ್ಯಾದಸ್ಥರು. ಹೇಳಿದರೆ ಅವರಿಗೇನೂ ನಷ್ಟವಿಲ್ಲ. ಹೇಳದಿದ್ದರೆ ನನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ."

ಸ್ವಾಮಿಗಳು ಚಾಪೆಯ ಮೇಲೆ ತುಸು ಸರಿದು ಅವನಿಗೂ ಜಾಗ ಮಾಡಿಕೊಟ್ಟರು. ಆಮೇಲೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಮಡಿವಾಳಗಿತ್ತಿ ಇದ್ದಳು. ಊರಿನ ಬಟ್ಟೆಯೆಲ್ಲ ಆಕೆಯ ಕೈಯಿಂದಲೇ ಬೆಳ್ಳಗಾಗಬೇಕು. ಕೆರೆಯ ದಂಡೆಯಲ್ಲಿ ಆಕೆಯ ಅತ್ತೆ ಒಗೆಯುತ್ತಿದ್ದ ಕಲ್ಲಿತ್ತು. ಅತ್ತೆಯ ನಂತರ ಆ ಕಲ್ಲು ಆಕೆಗೆ ಬಂತು. ಯಾವ ಬಟ್ಟೆ ಯಾರದೆಂದು ತಪ್ಪದಿರಲು ಆಕೆ ಒಂದೊಂದು ಮನೆಗೂ ಒಂದೊಂದು ಗುರುತು ಹಾಕುತ್ತಿದ್ದಳು. ಕರಿಗೇರು ಕಾಯಿಯ ರಸದಲ್ಲಿ ಕಡ್ಡಿ ಅದ್ದಿ, ಬಟ್ಟೆಯ ಮೂಲೆಯಲ್ಲಿ ಒಂದು ಗೆರೆಯೋ, ಚುಕ್ಕೆಯೋ, ಕೊಕ್ಕೆಯೋ ಎಳೆದರೆ ಆಯಿತು. ಎಷ್ಟು ಒಗೆದರೂ ಆ ಕಪ್ಪು ಹೋಗುವುದಿಲ್ಲ. ಸೀರೆಗಾದರೆ ಗುರುತು ಒಳಸೆರಗಿನ ತುದಿಯಲ್ಲಿ, ಸೊಂಟಕ್ಕೆ ಸಿಕ್ಕಿಸುವ ಕಡೆ ಇರುತ್ತಿತ್ತು. ಹೊರಗೆ ಕಾಣಬಾರದಲ್ಲ.

ಬಟ್ಟೆ ಒಗೆಯುವವರಿಗೆ ಊರು ಬೇರೆಯೇ ಥರ ಕಾಣುತ್ತದೆ. ಯಾರ ಹಾಸಿಗೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಬಸಿರು, ಯಾರ ಜರಿಪಂಚೆಯ ಒಳಗೆ ತೇಪೆ ಹಾಕಿದ ಚಡ್ಡಿ, ಎಲ್ಲವೂ ಆಕೆಗೆ ಗೊತ್ತಿತ್ತು. ಆಕೆಯೇನೂ ಮೂಕಿಯಲ್ಲ. ಸೌದೆ ಹಸಿಯಿದ್ದರೂ, ಕತ್ತೆ ಕಟ್ಟು ಕಿತ್ತುಕೊಂಡರೂ ಊರಿಗೆಲ್ಲ ಕೇಳುವ ಹಾಗೆ ಬೈಯುವವಳು. ಬಟ್ಟೆಯ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ.

ಆ ಊರಿನ ಕೆರೆಗೆ ನೀರು ಬಿಡುವ ತೂಬು ಎರಡು. ಗೌಡ ತನ್ನ ತೋಟದ ಕಡೆಯದನ್ನು ತೆರೆದಿಟ್ಟು, ಊರವರ ಗದ್ದೆಯ ಕಡೆಯದನ್ನು ಮುಚ್ಚಿಸಿದ್ದ. ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಒಂದು ಬೆಳಗ್ಗೆ ನೋಡಿದರೆ ಮುಚ್ಚಿಸಿದ್ದ ತೂಬು ತೆರೆದಿತ್ತು, ನೀರು ಗದ್ದೆಗಳಿಗೆ ಹರಿದಿತ್ತು. ತೂಬಿನ ಕಂಬಕ್ಕೆ ಒಂದು ಟವಲು ಸಿಕ್ಕಿಕೊಂಡಿತ್ತು. ಟವಲಿನ ಮೂಲೆಯಲ್ಲಿ ಗುರುತಿತ್ತು.

ಗೌಡ ಡಂಗುರ ಹೊಡೆಸಿದ. ತೂಬು ತೆಗೆದವನ ಮನೆಯ ಮಾಡು ಕೀಳಿಸಿ, ಹೆಂಡತಿ ಮಕ್ಕಳ ಸಮೇತ ಅವನನ್ನು ಊರ ಗಡಿ ದಾಟಿಸುತ್ತೇನೆ ಎಂದು ಸಾರಿದ. ಮಡಿವಾಳಗಿತ್ತಿಯನ್ನು ಚಾವಡಿಗೆ ಕರೆಸಿ ಟವಲನ್ನು ಆಕೆಯ ಮುಂದೆ ಹಿಡಿದ.

ನೋಡಿದ ಕೂಡಲೇ ಆಕೆಗೆ ಗೊತ್ತಾಯಿತು. ಅದು ಆಕೆಗೆ ಒಂದು ದಿನವೂ ಒಳ್ಳೆಯ ಮಾತಾಡದ ಮನೆ. ಒಗೆದು ಕೊಟ್ಟ ಬಟ್ಟೆಯಲ್ಲೆಲ್ಲ ಕೊಂಕು ತೆಗೆಯುವ ಮನೆ. ಸಾಲದ್ದಕ್ಕೆ, ತೂಬು ತೆಗೆದು ನೀರು ಇಳಿದು ಆಕೆಯ ಕಲ್ಲೇ ಒಣಗಿ ನಿಂತಿತ್ತು.

"ಇದು ಯಾರ ಮನೆ ಗುರುತು?" ಎಂದ ಗೌಡ.

"ಹೇಳಾಕಾಗಲ್ಲ, ಗೌಡ್ರೇ."

"ಗೊತ್ತಿಲ್ವೋ?"

"ಗೊತ್ತೈತೆ. ಗೊತ್ತಿರೋದ್ರಿಂದ್ಲೇ ಹೇಳಲ್ಲ. ತೂಬು ತೆಗೆದಿದ್ದು ಸರಿಯೋ ತಪ್ಪೋ ನಂಗೆ ತಿಳೀದು. ಜನ ನನ್ನ ಕೈಗೆ ಮೈಲಿಗೆ ಬಟ್ಟೆ ಕೊಡೋದು ಒಗೆಯಾಕೆ. ಚಾವಡಿಗೆ ತಂದು ತೋರ್ಸಾಕಲ್ಲ."

ಗೌಡ ಸಿಟ್ಟಾಗಲಿಲ್ಲ, ನಕ್ಕ. ಅವನು ಸಿಟ್ಟಾಗಿದ್ದರೆ ಒಳ್ಳೆಯದಿತ್ತು.

"ನೀನು ಹೇಳೋದೇ ಬ್ಯಾಡ. ಹಬ್ಬ ಬಂತು, ಊರಿನ ಬಟ್ಟೆಯೆಲ್ಲ ನಿನ್ನ ಗಂಟಿನಾಗೇ ಐತೆ. ಗಂಟು ತಂದು ಇಲ್ಲಿ ಬಿಚ್ಚು. ಗುರುತಿಗೆ ಗುರುತು ನಾನೇ ಕೂಡಿಸ್ಕೋತೀನಿ. ಬಟ್ಟೆ ಯಾರದೂಂತ ಊರೇ ಹೇಳ್ತದೆ. ಬಾಯಿ ಮುಚ್ಕೊಂಡಿದ್ದಕ್ಕೆ ನಾಳೆಯಿಂದ ನಿನಗೆ ಕೆರೆ ಕಲ್ಲು ಇಲ್ಲ."

ಇಬ್ಬರು ತಳವಾರರನ್ನು ಕಾವಲಿಗೆಂದು ಆಕೆಯ ಹಿಂದೆಯೇ ಕಳಿಸಿದ. ನೆತ್ತಿ ಸುಡುವ ಬಿಸಿಲು. ತಳವಾರರು ಕೆರೆ ಏರಿಯ ಮೇಲೆ ಆಲದ ನೆರಳು ಹಿಡಿದು ಕೂತು ಬೀಡಿ ಹಚ್ಚಿದರು. ಬಟ್ಟೆ ಮಡಚುವುದನ್ನು ಕಾಯುತ್ತ ಕೂರುವ ಗಂಡಸು ಯಾರಿದ್ದಾನೆ?

ಕಲ್ಲಿನ ಬಳಿ ಆಕೆಯ ಗಂಡ ಬಟ್ಟೆ ಬೇಯಿಸುವ ಉಬ್ಬೆಗೆ ಬೆಂಕಿ ಮಾಡುತ್ತಿದ್ದ. ನಡೆದದ್ದನ್ನು ಕೇಳಿ ಅವನ ಮುಖ ಕಪ್ಪಿಟ್ಟಿತು. ಅವನು ಸಣ್ಣ ದನಿಯಲ್ಲಿ ಒಂದು ದಾರಿ ಹೇಳಿದ.

"ಗೌಡನ ಮನೆ ಬಟ್ಟೆನೂ ನಾವೇ ಒಗೆಯೋದಲ್ವಾ? ಅವರ ಮನೆ ಹಾಸಿಗೆ ಸುದ್ದಿ ನಿಂಗೆ ಗೊತ್ತೈತೆ. ಕಿವಿಯಾಗೆ ಒಂದು ಮಾತು ಊದು, ಬಾಲ ಮುದುರ್ಕೋತಾನೆ."

ತಳ್ಳಿಹಾಕುವಂಥ ಮಾತಲ್ಲ ಅದು. ಕಲ್ಲು ಉಳಿಯುತ್ತಿತ್ತು, ಹೊಟ್ಟೆಪಾಡು ಉಳಿಯುತ್ತಿತ್ತು, ಆ ಮನೆಯವರೂ ಉಳಿಯುತ್ತಿದ್ದರು.

"ಹೆದರ್ಸಾಕೆ ಬಾಯಿ ಬಿಟ್ರೂ ಬಾಯಿ ಬಿಟ್ಟಂಗೇ ಅಲ್ವಾ?" ಎಂದಳು. "ಅವನೂ ನಂಬಿ ತಾನೇ ಬಟ್ಟೆ ಕೊಟ್ಟಿರೋದು. ಆ ಕುಡುಗೋಲು ಕೊಡು ಇಲ್ಲಿ."

ಏರಿಗೆ ಬೆನ್ನು ಮಾಡಿ ಕೂತಳು. ಗಂಟಿನಿಂದ ಒಂದೊಂದೇ ಬಟ್ಟೆ ತೆಗೆದು, ಗುರುತಿದ್ದ ಮೂಲೆಯನ್ನು ಕುಡುಗೋಲಿನಿಂದ ಕೊಯ್ದಳು. ಒಂದು ಮನೆಯದನ್ನು ಮಾತ್ರ ಕೊಯ್ದರೆ ಬೆರಳಿಟ್ಟು ತೋರಿಸಿದ ಹಾಗೆ. ಅದಕ್ಕೆ ಎಲ್ಲವನ್ನೂ ಕೊಯ್ದಳು. ಮದುಮಗಳ ಸೀರೆ ಬಂದಾಗ ಮೂಲೆಯನ್ನು ಎರಡು ಸಲ ಸವರಿ ಕೊಯ್ದಳು. ಗೌಡನ ಜರಿಪಂಚೆ ಬಂದಾಗ ಸವರಲಿಲ್ಲ. ಗಂಡ ಬೈದುಕೊಳ್ಳುತ್ತಲೇ ತುಂಡುಗಳನ್ನು ಬಾಚಿ ಉಬ್ಬೆಯ ಒಲೆಗೆ ಹಾಕಿದ. ಅಷ್ಟು ವರ್ಷ ಅತ್ತೆ ಸೊಸೆ ಸೇರಿ ಬರೆದದ್ದೆಲ್ಲ ಅಲ್ಲೇ ಬೂದಿಯಾಯಿತು.

ಚಾವಡಿಯ ಮುಂದೆ ಗಂಟು ಬಿಚ್ಚಿದಾಗ ಊರೇ ಸೇರಿತ್ತು. ಎತ್ತಿದ ಬಟ್ಟೆಗೆಲ್ಲ ಮೂಲೆಯಿಲ್ಲ. ಗೌಡ ಬಾಯಿ ತೆರೆಯುವ ಮೊದಲೇ ಊರವರು ಆಕೆಯ ಮೇಲೆ ಬಿದ್ದರು. ಹಬ್ಬದ ಬಟ್ಟೆ ಹಾಳು ಮಾಡಿದಳು, ಇವಳ ಕೈ ಸೇದಿಹೋಗ ಎಂದು ಶಪಿಸಿದರು. ಎಲ್ಲರಿಗಿಂತ ದೊಡ್ಡ ಗಂಟಲು ಗಾಣದ ಮನೆಯ ಮುದುಕಿಯದು.

"ಮಾಡಿದೋರು ಯಾರೋ, ನನ್ನ ಸೀರೆ ಯಾಕೆ ಕೊಯ್ದೆ? ನಮ್ಮನೆ ಬಟ್ಟೇಲಿ ಮುಚ್ಚಿಡೋ ಅಂಥದ್ದು ಏನಿತ್ತೇ?"

ಮಡಿವಾಳಗಿತ್ತಿಗೆ ಅಳು ಬಂದಿತ್ತು. ಗೌಡ ಹೇಳಿದ್ದಕ್ಕೆ ಬಾರದ ಅಳು ಊರವರು ಬೈದದ್ದಕ್ಕೆ ಬಂತು. ತಲೆ ಮಾತ್ರ ಬಗ್ಗಿಸಲಿಲ್ಲ.

ಗೌಡ ಮುದುಕಿಯ ಮಾತನ್ನು ಹಿಡಿದುಕೊಂಡ. "ಗಂಟಿನ ಬಟ್ಟೆ ಹೋದ್ರೆ ಹೋಗ್ಲಿ, ಮೈಮೇಲಿನ ಬಟ್ಟೆ ಐತಲ್ಲ. ಒಬ್ಬೊಬ್ರೇ ಬಂದು ಗುರುತು ತೋರಿಸ್ರಿ. ಮೊದ್ಲು ನೀನೇ ಬಾ ಅಜ್ಜಿ. ನಿಂಗೆ ಮುಚ್ಚಿಡೋ ಅಂಥದ್ದು ಇಲ್ವಲ್ಲ."

ಸೀರೆಯ ಗುರುತು ಎಲ್ಲಿರುತ್ತದೆಂದು ಹೆಂಗಸರಿಗೆಲ್ಲ ಗೊತ್ತಿತ್ತು. ಗೌಡನಿಗೂ ಗೊತ್ತಿತ್ತು.

ಮುದುಕಿ ಮೆಲ್ಲಗೆ ಎರಡು ಹೆಜ್ಜೆ ಮುಂದೆ ಬಂದಳು. ಗೌಡನ ಮುಖವನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲೋ ಗೌಡ, ನನ್ನ ಕಟ್ಟಿಕೊಂಡೋನೇ ಈ ಒಳಸೆರಗನ್ನ ಹಗಲು ಬೆಳಕಲ್ಲಿ ನೋಡ್ಲಿಲ್ಲ. ನಿಂಗೆ ಚಾವಡಿ ಮುಂದೆ ತೋರಿಸ್ಬೇಕಾ?"

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮುದುಕಿ ತಿರುಗಿ ಮಡಿವಾಳಗಿತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಕುಡುಗೋಲು ಕಿತ್ತುಕೊಂಡಳು. ಹೆಂಗಸರು ಸುತ್ತ ಮರೆಯಾಗಿ ನಿಂತರು. ಮರೆಯಿಂದ ಹೊರಬಂದ ಮುದುಕಿ ಕೊಯ್ದ ತುಂಡನ್ನು ಮಡಿವಾಳಗಿತ್ತಿಯ ಅಂಗೈಗಿಟ್ಟು, ಇದನ್ನೂ ನಿನ್ನ ಒಲೆಗೆ ಹಾಕು ಎಂದಳು.

ಕುಡುಗೋಲು ಕೈಯಿಂದ ಕೈಗೆ ಹೋಯಿತು. ಸೀರೆಯ ಮೂಲೆ, ಪಂಚೆಯ ಮೂಲೆ, ಹೆಗಲ ಮೇಲಿನ ಟವಲಿನ ಮೂಲೆ. ಈಗಷ್ಟೇ ಆಕೆಯನ್ನು ಶಪಿಸಿದ್ದ ಬಾಯಿಗಳೆಲ್ಲ ಮುಚ್ಚಿದ್ದವು, ಕೈಗಳು ಕೊಯ್ಯುತ್ತಿದ್ದವು. ತಳವಾರನೊಬ್ಬ ಆಚೀಚೆ ನೋಡಿ ತನ್ನ ರುಮಾಲಿನ ಮೂಲೆಯನ್ನೂ ಕೊಯ್ದುಕೊಂಡ. ತೂಬು ತೆಗೆದವನೂ ಅಲ್ಲೇ ಇದ್ದ. ಅವನೂ ಕೊಯ್ದ. ಅಷ್ಟು ಜನರ ನಡುವೆ ಅವನು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ.

ಊರಿನಲ್ಲಿ ಗುರುತಿನ ಬಟ್ಟೆ ಒಂದೇ ಉಳಿಯಿತು. ಅದು ಗೌಡನ ಕೈಯಲ್ಲಿತ್ತು.

"ಹಂಗಾದ್ರೆ ಅದು ನಿಂದೇ ಇರ್ಬೇಕು. ಇಟ್ಕೋ," ಎಂದಳು ಮುದುಕಿ.

ಅಂದು ಯಾರ ಮನೆಯ ಮಾಡೂ ಬೀಳಲಿಲ್ಲ. ಗೌಡ ಮಾತ್ರ ತನ್ನ ಮಾತು ಬಿಡಲಿಲ್ಲ, ಆಕೆಯನ್ನು ಕೆರೆಯ ಕಲ್ಲಿನಿಂದ ಎಬ್ಬಿಸಿಯೇ ಬಿಟ್ಟ. ಆಕೆ ಗಡಿಯಾಚೆಯ ಹಳ್ಳಕ್ಕೆ ಹೋಗಿ ಬೇರೆ ಕಲ್ಲು ಹುಡುಕಿಕೊಂಡಳು. ಕತ್ತೆ ಅಷ್ಟು ದೂರ ಬರಲೊಲ್ಲೆನೆಂದು ಹಟ ಮಾಡಿತು. ಊರವರು ತಮ್ಮ ತಮ್ಮ ಗಂಟು ತಾವೇ ಹೊತ್ತು ಹಳ್ಳಕ್ಕೆ ಹೋಗತೊಡಗಿದರು. ಹೊಸ ಗುರುತನ್ನು ಆಕೆ ಹಾಕಲಿಲ್ಲ. ಒಗೆದ ಬಟ್ಟೆಯನ್ನು ಬಂಡೆಗಳ ಮೇಲೆ ಹರವಿ, ನಿಮ್ಮದನ್ನು ನೀವೇ ಆರಿಸಿಕೊಳ್ಳಿ ಎನ್ನುತ್ತಿದ್ದಳು. ಒಂದೆರಡು ಪಂಚೆಗೆ ಜಗಳವಾಯಿತು. ಕೊಂಕು ತೆಗೆಯುತ್ತಿದ್ದ ಆ ಮನೆಯವರು ಆಮೇಲೂ ಕೊಂಕು ತೆಗೆಯುತ್ತಲೇ ಇದ್ದರು, ಆಕೆ ಒಗೆಯುತ್ತಲೇ ಇದ್ದಳು.

ಸ್ವಾಮಿಗಳು ಇಲ್ಲಿಗೆ ನಿಲ್ಲಿಸಿದರು. ಹಾಲೇಶ ಮೈಯೆಲ್ಲ ಕಿವಿಯಾಗಿ ಕೂತಿದ್ದ. ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಅದೆಲ್ಲ ಸರಿ ಬುದ್ಧೀ, ಆ ಟವಲು ಕೊನೆಗೂ ಯಾರದು?"

ಸ್ವಾಮಿಗಳು ಅವನ ಸೊಂಟದಲ್ಲಿದ್ದ ಬೀಗದಕೈ ಗೊಂಚಲನ್ನು ನೋಡಿದರು.

"ಅದು ಗೌಡನ ಹಾಗೆ ನಿನಗೂ ಬೇಕಾಯಿತಲ್ಲ ಹಾಲೇಶಾ, ಹಾಗಾದರೆ ಮೊದಲು ಹೋಗಿ ನಿನ್ನ ಗಿರಾಕಿಗಳ ಬೀಗದಕೈ ಅವರವರಿಗೆ ಕೊಟ್ಟು ಬಾ."

ಹಾಲೇಶನ ಕೈ ಸೊಂಟದ ಗೊಂಚಲಿಗೆ ಹೋಯಿತು.