ಮಳೆಗಾಲದಲ್ಲಿ ಮಡು ಕಾದವನು

“ಬುದ್ಧಿ, ಇದ್ದ ಪ್ರೀತಿ ಎಲ್ಲಿಗೆ ಹೋಗುತ್ತದೆ?”

ಕುಂಬಾರ ಸಿದ್ದಶೆಟ್ಟಿ ಹೀಗೆ ಕೇಳಿದಾಗ ಅಜ್ಜಯ್ಯನವರು ಮಠದ ಜಗುಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಸಿದ್ದಶೆಟ್ಟಿ ಹನ್ನೆರಡು ವರ್ಷದಿಂದ ಸೋಮವಾರ ತಪ್ಪಿಸದೆ ಬರುವ ಶಿಷ್ಯ. ಬಂದರೆ ಜನ್ಮ, ಕರ್ಮ, ಮುಕ್ತಿ ಎಂದು ದೊಡ್ಡ ದೊಡ್ಡದನ್ನೇ ಎತ್ತುವವನು. ಈ ದಿನ ಅವನ ದನಿಯಲ್ಲಿ ಬಲವಿರಲಿಲ್ಲ. ಅಜ್ಜಯ್ಯ ತಲೆಯೆತ್ತಿ ನೋಡಿ ಕೈಕೆಲಸ ನಿಲ್ಲಿಸಿದರು.

“ಯಾರ ಪ್ರೀತಿಯಪ್ಪಾ?”

“ಮಗಳದು ಬುದ್ಧಿ. ನಮ್ಮ ಚಿಕ್ಕತಾಯಿದು. ಹದಿಮೂರು ತುಂಬಿತು. ಮೊದಲು ನಾನು ತಿಗರಿ ತಿರುಗಿಸಲು ಕೂತರೆ ಪಕ್ಕದಲ್ಲೇ ಮಣ್ಣು ಮೆತ್ತಿಕೊಂಡು ಕೂರುತ್ತಿದ್ದಳು. ಸಂತೆಯಿಂದ ಬರುವುದು ತಡವಾದರೆ ಊರ ಮುಂದಿನವರೆಗೆ ಓಡಿಬರುತ್ತಿದ್ದಳು. ಈಗ ಒಂದು ಕೇಳಿದರೆ ಹ್ಞೂ, ಇನ್ನೊಂದು ಕೇಳಿದರೆ ಉಹ್ಞೂ. ಕಡ್ಲೆಮಿಠಾಯಿ ತಂದೆ, ತಮ್ಮನಿಗೆ ಕೊಟ್ಟಳು. ಮೊದಲಿನ ಹಾಗೆ ಮಣ್ಣಿನ ಕುದುರೆ ಮಾಡಿಕೊಟ್ಟೆ, ಗೂಡಿನಲ್ಲಿಟ್ಟು ಸುಮ್ಮನಾದಳು. ಅವಳವ್ವನ ಜೊತೆ ಮಾತಾಡುತ್ತಾಳೆ, ನಾನು ಹೋದರೆ ನಿಲ್ಲಿಸುತ್ತಾಳೆ. ದಿನಾ ತಿಗರಿ ಮುಂದೆ ಕೂತು ದಾರಿ ನೋಡುತ್ತೇನೆ. ಎದೆ ಸುಡುತ್ತದೆ ಬುದ್ಧಿ.”

ಅಜ್ಜಯ್ಯ ಅವರೆಕಾಯಿಯ ಮೊರವನ್ನು ಅವನ ಕಡೆಗೆ ಸರಿಸಿದರು. “ನೀನೂ ನಾಲ್ಕು ಸುಲಿ. ಸುಲಿಯುತ್ತಾ ಕೇಳು” ಎಂದು ಕತೆ ಹೇಳತೊಡಗಿದರು.

ಕಾಡಿನಂಚಿನ ಒಂದು ಹಾಡಿಯಲ್ಲಿ ಒಬ್ಬ ಬೇಟೆಗಾರನಿದ್ದ. ಅವನ ಬದುಕಿಗೆಲ್ಲ ಆಧಾರ ಒಂದು ಮಡು. ಬೇಸಿಗೆಯಲ್ಲಿ ಹಳ್ಳಕೊಳ್ಳ ಬತ್ತಿ ನೆಲ ಬಿರಿದರೂ, ದೊಡ್ಡ ಬಂಡೆಯ ಬುಡದ ಆ ಮಡುವಿನಲ್ಲಿ ಮೊಣಕಾಲುದ್ದ ನೀರು ನಿಂತಿರುತ್ತಿತ್ತು. ಸುತ್ತಲ ಕಾಡಿನ ಜಿಂಕೆಗಳೆಲ್ಲ ಬಾಯಾರಿ ಅಲ್ಲಿಗೇ ಬರಬೇಕು. ಇವನು ತನ್ನ ವಾಸನೆ ಅವಕ್ಕೆ ತಾಗದ ಹಾಗೆ ಗಾಳಿ ನೋಡಿಕೊಂಡು ಒಂದು ಪೊದೆಯಲ್ಲಿ ಕೂರುತ್ತಿದ್ದ. ಬೇಸಿಗೆ ಕಳೆದರೆ ಬಿಲ್ಲನ್ನು ಮೂಲೆಗಿಟ್ಟು ಗೆಡ್ಡೆಗೆಣಸಿನಲ್ಲಿ ಕಾಲ ಹಾಕುತ್ತಿದ್ದ, ಆದರೆ ಬಿಲ್ಲು ಎತ್ತಿದರೆ ಬರಿಗೈಯಲ್ಲಿ ಬಂದ ದಿನವಿಲ್ಲ. ಇಷ್ಟಾದ ಮೇಲೆ ಕೇಳಬೇಕೇ, ಜಿಂಕೆಯ ವಿದ್ಯೆಯೆಲ್ಲ ತನಗೆ ಬಂದಿದೆ ಎಂದು ಅವನು ಬೀಗುತ್ತಿದ್ದ. ಪಾಪ, ಅವನಿಗೆ ಗೊತ್ತಿದ್ದದ್ದು ಬಾಯಾರಿದ ಜಿಂಕೆಯೊಂದೇ.

ಅವನಿಗೆ ಮದುವೆಯಾಯಿತು. ಮರುವರ್ಷದ ಬೇಸಿಗೆಯಲ್ಲಿ ಹೆಂಡತಿ ತುಂಬಿದ ಬಸುರಿ. ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಹೆಣ್ಣುಮಗುವನ್ನು ಹೆತ್ತಳು. ಹೆರಿಗೆ ಕಷ್ಟವಾಗಿ ಬಾಣಂತಿ ನೆಲ ಹಿಡಿದಳು. ಎದೆಯಲ್ಲಿ ಹಾಲು ಬರಲಿಲ್ಲ. ಪಕ್ಕದ ಗುಡಿಸಲಿನವಳು ತನ್ನ ಕೂಸಿಗೆ ಕುಡಿಸಿ ಮಿಕ್ಕದ್ದನ್ನು ಇದಕ್ಕೂ ಕುಡಿಸುತ್ತಿದ್ದಳು. ಅದು ಎಲ್ಲಿ ಸಾಲುತ್ತದೆ? ಮಗುವಿನ ಅಳು ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಬಂತು.

ಸೂಲಗಿತ್ತಿ ಮುದುಕಿ ಬೇಟೆಗಾರನನ್ನು ಹೊರಗೆ ಕರೆದಳು. “ಇವಳಿಗೆ ಜಿಂಕೆ ಮಾಂಸದ ಸಾರು ಕಾಯಿಸಿ ಕುಡಿಸಬೇಕು. ಮೈಗೆ ಕಸುವು ಬಂದರೆ ಹಾಲು ತಾನೇ ಇಳಿಯುತ್ತದೆ. ತಡ ಮಾಡಿದರೆ ಎರಡು ಜೀವ ಹೋಗುತ್ತದೆ ಕಣಪ್ಪಾ” ಎಂದಳು.

ಜಿಂಕೆ ತಾನೇ, ನಾಳೆ ಬೆಳಿಗ್ಗೆಗೆ ತರುತ್ತೇನೆ ಎಂದ ಬೇಟೆಗಾರ. ಬಿಲ್ಲು ತೆಗೆದುಕೊಂಡು ಹೊರಟ. ಎಲ್ಲಿಗೆ ಎಂದು ಅವನು ಹೇಳಲಿಲ್ಲ, ಹೆಂಡತಿ ಕೇಳಲೂ ಇಲ್ಲ. ಆ ಹಾಡಿಯಲ್ಲಿ ಒಂದು ಕಟ್ಟಳೆಯಿತ್ತು: ಬೇಟೆಗೆ ಹೊರಟವನನ್ನು ಎಲ್ಲಿಗೆ ಎಂದು ಯಾರೂ ಕೇಳಬಾರದು, ಅವನೂ ಬಾಯಿಬಿಡಬಾರದು. ಬಿಟ್ಟರೆ ಬೇಟೆ ಕೆಡುತ್ತದೆ. ನಮ್ಮಲ್ಲೂ ಹೊರಟವರನ್ನು ಎಲ್ಲಿಗೆ ಎಂದರೆ ಮುಖ ಗಂಟಿಕ್ಕುವುದಿಲ್ಲವೇ, ಹಾಗೆ.

ಅವನು ನೆಟ್ಟಗೆ ಮಡುವಿಗೆ ಹೋದ. ಪೊದೆಯಲ್ಲಿ ಕೂತ. ಬೆಳಿಗ್ಗೆ ಕಾದ, ಸಂಜೆ ಕಾದ. ಒಂದೂ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಇಳಿದು ನೋಡಿದ. ಬಂಡೆ ಮುಂದಕ್ಕೆ ಚಾಚಿದ ಕಡೆ, ಮಳೆ ನೇರವಾಗಿ ಬೀಳದ ಒದ್ದೆ ನೆಲದ ಮೇಲೆ, ಜಿಂಕೆಯ ಹಿಕ್ಕೆ ಬಿದ್ದಿತ್ತು. ಕಪ್ಪಗೆ, ಮಿರಮಿರ ಮಿಂಚುತ್ತಿತ್ತು. ಬೆಳಿಗ್ಗೆಯೇ ಹಾಕಿದ್ದು ಎಂದು ಅವನ ಕಣ್ಣಿಗೆ ಕಂಡಿತು. ಬಂದು ಹೋಗಿವೆ, ನಾನು ಬರುವುದು ಒಂದು ಗಳಿಗೆ ತಡವಾಯಿತು ಎಂದುಕೊಂಡ. ಮರುದಿನ ಇನ್ನೂ ಬೇಗ ಹೋದ. ಅದೇ ಹಿಕ್ಕೆ, ಅದೇ ಮಿಂಚು. ಮತ್ತೆ ತಡವಾಯಿತು ಎಂದುಕೊಂಡ.

ನಾಲ್ಕನೆಯ ದಿನ ಮನೆಯ ಉಪ್ಪನ್ನೆಲ್ಲ ಒಯ್ದು ಮಡುವಿನ ದಡದಲ್ಲಿ ಸುರಿದ. ಜಿಂಕೆಗೆ ಉಪ್ಪೆಂದರೆ ಪ್ರಾಣ. ಆದರೆ ಅದನ್ನು ನೆಕ್ಕಲು ಬಂದದ್ದು ಕಾಡುಹಂದಿಗಳು. ಉಪ್ಪೂ ಹೋಯಿತು, ಅವನು ಕೂರುತ್ತಿದ್ದ ಪೊದೆಯನ್ನೂ ಅವು ಬುಡಮೇಲು ಮಾಡಿದವು. ಐದನೆಯ ದಿನ ಮಾರಮ್ಮನಿಗೆ ಕೋಳಿ ಹರಕೆ ಹೊತ್ತ. ಆಮೇಲೆ ಪಕ್ಕದ ಹಾಡಿಯವರು ಮಾಟ ಮಾಡಿಸಿದ್ದಾರೆ ಎಂಬ ಅನುಮಾನ ಹುಟ್ಟಿತು. ಕೊನೆಗೆ ಜಿಂಕೆಗಳ ಮೇಲೆಯೇ ಸಿಟ್ಟು ಬಂತು. ಇಷ್ಟು ವರ್ಷ ಕರೆಯದೆ ಬಂದವು, ನನ್ನ ಕೂಸು ಸಾಯುವಾಗ ಕೈಬಿಟ್ಟು ಹೋದವು ಎಂದು ಮಳೆಯಲ್ಲಿ ನಿಂತು ಬೈದ. ನಗಬೇಡ ಶೆಟ್ಟಿ, ಸಂಕಟದಲ್ಲಿರುವವನಿಗೆ ಬೈಯಲು ಯಾರಾದರೂ ಬೇಕು.

ಆರನೆಯ ದಿನ ಸಂಜೆ ನೆನೆದು ತೊಪ್ಪೆಯಾಗಿ ಮನೆಗೆ ಬಂದ. ಮಗುವನ್ನು ಎತ್ತಿಕೊಂಡರೆ ಅದು ಹತ್ತಿಯ ಹಾಗೆ ಹಗುರವಾಗಿತ್ತು. ಬಾಯಿ ತೆರೆಯಿತು, ಅಳು ಬರಲಿಲ್ಲ. ಅಲ್ಲಿಯವರೆಗೆ ತಡೆದುಕೊಂಡಿದ್ದ ಗಂಡಸು ಕುಸಿದು ಕೂತು ಅಳತೊಡಗಿದ. ಹೆಂಡತಿ ಮಲಗಿದ್ದಲ್ಲಿಂದಲೇ ಕೈ ಚಾಚಿ ಅವನ ಒದ್ದೆ ತಲೆಯನ್ನು ಸವರಿದಳು. ಕಟ್ಟಳೆ ಮುರಿದರೆ ಮುರಿಯಲಿ ಎಂದು ಕೇಳಿಯೇಬಿಟ್ಟಳು.

“ದಿನಾ ಎಲ್ಲಿಗೆ ಹೋಗುತ್ತಿದ್ದೀಯ?”

“ಇನ್ನೆಲ್ಲಿಗೆ, ಮಡುವಿಗೆ.”

ಆ ನಿತ್ರಾಣದಲ್ಲೂ ಅವಳಿಗೆ ನಗು ಬಂತು. “ಅಯ್ಯೋ ನನ್ನ ದೊರೆ, ಮಳೆಗಾಲದಲ್ಲಿ ಮಡುವಿಗೆ ಯಾವ ಜಿಂಕೆ ಬರುತ್ತದೆ? ಕಾಡಿನ ಗುಂಡಿಗುಂಡಿಯಲ್ಲೂ ನೀರಿದೆ.”

“ಹಿಕ್ಕೆ ಬಿದ್ದಿದೆ. ಹೊಸದು. ಕಣ್ಣಾರೆ ನೋಡಿದ್ದೇನೆ.”

“ಒಡೆದು ನೋಡಿದೆಯಾ? ಮಳೆಯ ಎರಚಲಿಗೆ ನೆನೆದರೆ ಹಳೆಯದೂ ಹೊಸದರ ಹಾಗೆ ಮಿಂಚುತ್ತದೆ. ನಾನು ಸೊಪ್ಪಿಗೆ ಹೋದಾಗ ದಿನಾ ನೋಡುತ್ತಿದ್ದೆ.” ಅವಳು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಮುಂದುವರಿಸಿದಳು. “ಎದುರು ದಿಣ್ಣೆಯಲ್ಲಿ ಬೇಸಿಗೆಯ ಬೆಂಕಿಗೆ ಹುಲ್ಲು ಸುಟ್ಟಿತ್ತಲ್ಲ, ಅಲ್ಲೀಗ ಎಳೆ ಹುಲ್ಲು ಎದ್ದಿದೆ. ಇವಳನ್ನು ಹೆರುವ ನಾಲ್ಕು ದಿನ ಮುಂಚೆ ಕೂಡ ಅಲ್ಲಿ ಕಂಡೆ. ಒಂದೆರಡಲ್ಲ, ಇಡೀ ಹಿಂಡು. ಬಟ್ಟಬಯಲಲ್ಲಿ ನಿಂತಿದ್ದವು.”

“ಬಯಲಿನಲ್ಲಾ? ಜಿಂಕೆಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?”

“ಧೈರ್ಯ ಅಲ್ಲ, ಭಯ. ಮರದ ಕೆಳಗೆ ಹನಿ ತೊಟ್ಟಿಕ್ಕುವ ಸದ್ದಿಗೆ ಹುಲಿಯ ಹೆಜ್ಜೆ ಅವಕ್ಕೆ ಕೇಳಿಸುವುದಿಲ್ಲ. ಅದಕ್ಕೇ ಕಣ್ಣಿಗೆ ಎಲ್ಲ ಕಾಣುವ ಕಡೆಗೆ ಬಂದು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ನಿನ್ನ ಮೇಲಿನ ಹಗೆಗೆ ಅವು ಎಲ್ಲಿಗೂ ಹೋಗಿಲ್ಲ.”

ಮರುದಿನ ಬೆಳಕು ಹರಿಯುವಾಗ ಬೇಟೆಗಾರ ಹೊರಟ. ದಾರಿಯಲ್ಲಿ ಮಡು ಸಿಕ್ಕಿತು. ಮನಸ್ಸು ಕೇಳಬೇಕಲ್ಲ, ಇಳಿದು ಒಂದು ಹಿಕ್ಕೆ ಎತ್ತಿ ಬೆರಳಲ್ಲಿ ಒಡೆದ. ಮೇಲಷ್ಟೇ ಒದ್ದೆ. ಒಳಗೆಲ್ಲ ಒಣ ಹೊಟ್ಟು. ಅವನು ಆರು ದಿನ ಕಾದಿದ್ದು ಎಂದೋ ಹೋದ ಬೇಸಿಗೆಯ ಜಿಂಕೆಗೆ.

ದಿಣ್ಣೆ ಹತ್ತಿದ. ಹೆಂಡತಿ ಹೇಳಿದ ಹಾಗೆಯೇ ಇತ್ತು. ಸೋನೆ ಮಳೆಯಲ್ಲಿ ಹಿಂಡಿಗೆ ಹಿಂಡೇ ಎಳೆ ಹುಲ್ಲು ಮೇಯುತ್ತಿತ್ತು. ಸಂತೋಷಕ್ಕೆ ಅವಸರಪಟ್ಟು ಎರಡು ಹೆಜ್ಜೆ ಮುಂದೆ ಇಟ್ಟ, ಅಷ್ಟೇ. ಒಂದು ಕೂಗಿತು, ಎಲ್ಲವೂ ಬಾಲ ಎತ್ತಿ ಓಡಿದವು. ಮಡುವಿನಲ್ಲಿ ಪೊದೆಯಿತ್ತು, ಇಲ್ಲಿ ಏನಿದೆ? ತಾನು ಕಲಿತ ವಿದ್ಯೆ ಇಲ್ಲಿಗೆ ಸಲ್ಲದು ಎಂದು ಅವನಿಗೆ ಅರ್ಥವಾಯಿತು. ಸಿಟ್ಟು ಮಾಡಲಿಲ್ಲ. ಹುಲ್ಲಿನ ಅಂಚಿನಲ್ಲಿ ಬೋರಲಾಗಿ ಮಲಗಿದ. ಜಿಗಣೆ ಹತ್ತಿದರೂ ಅಲುಗಾಡದೆ ಬರೀ ನೋಡಿದ. ಮಳೆ ನಿಂತು ಬಿಸಿಲು ಬಿದ್ದಾಗ ಅವು ಬಿದಿರುಮೆಳೆಯ ಕಡೆಯಿಂದ ಮತ್ತೆ ಬಂದವು. ಮರಿಗಳನ್ನು ನಡುವೆ ಬಿಟ್ಟುಕೊಂಡವು. ಮೈ ಕೊಡವಿ ಬಿಸಿಲು ಕಾಯಿಸಿಕೊಂಡವು. ಇಷ್ಟು ವರ್ಷ ಹೊಡೆದಿದ್ದ, ಒಂದು ದಿನವೂ ಹೀಗೆ ನೋಡಿರಲಿಲ್ಲ. ನೋಡುತ್ತಾ ನೋಡುತ್ತಾ ಅವುಗಳ ಮೇಲೆ ಅಕ್ಕರೆ ಬಂತು.

ತೀರ ಹತ್ತಿರಕ್ಕೆ ಬಂದದ್ದು ಮರಿಯ ಜೊತೆಗಿದ್ದ ಒಂದು ಹೆಣ್ಣು. ಮನೆಯಲ್ಲಿ ಬಾಣಂತಿಯನ್ನು ಇಟ್ಟುಕೊಂಡವನ ಬಾಣ ಅದರ ಕಡೆ ತಿರುಗುತ್ತದೆಯೇ? ಅದು ದಾಟಿ ಹೋಗುವವರೆಗೂ ಉಸಿರು ಬಿಗಿಹಿಡಿದಿದ್ದ. ಹೊತ್ತು ಇಳಿಯುವಾಗ ಹಿಂಡಿನ ಹಿಂದೆ ಉಳಿದಿದ್ದ ಒಂದು ಮುದಿ ಗಂಡಿಗೆ ಬಾಣ ಬಿಟ್ಟ. ಬಿದ್ದ ಜೀವದ ಗೊರಸು ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ತಪ್ಪಾಯಿತು ಎಂದ. ಆಮೇಲೆ ಹೆಗಲಿಗೆ ಹಾಕಿಕೊಂಡು ಇಳಿದ.

ಸೂಲಗಿತ್ತಿ ಸಾರು ಕಾಯಿಸಿದಳು. ಬೇಟೆಗಾರ ತಾನೇ ಆರಿಸಿ ಆರಿಸಿ ಹೆಂಡತಿಗೆ ಕುಡಿಸಿದ. ಮೂರನೆಯ ದಿನ ಹಾಲು ಇಳಿಯಿತು. ಮಗು ಗುಟುಕರಿಸುವ ಸದ್ದು ಕೇಳಿ ಮುದುಕಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅವನಂತೂ ಆ ಸದ್ದು ಮುಗಿಯುವವರೆಗೆ ಕೂತ ಜಾಗ ಬಿಟ್ಟೇಳಲಿಲ್ಲ. ಆ ಹಾಡಿಯಲ್ಲಿ ಬೇಟೆಯ ಜಾಡು ಹೇಳಿದವರಿಗೆ ಒಂದು ಪಾಲು ಬೇರೆ ಇಡುತ್ತಾರೆ. ಹೆಂಗಸಿಗೆ ಆ ಪಾಲು ಇಟ್ಟದ್ದು ಅದೇ ಮೊದಲು. ಒಬ್ಬಿಬ್ಬರು ಗೊಣಗಿದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಳಿಗಾಲ ಬಂತು. ದಿಣ್ಣೆಯ ಹುಲ್ಲು ಬಲಿತು ಒಣಗಿತು. ಬೇಟೆಗಾರ ಒಂದು ದಿನ ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬಂದ. ಈ ಸಲ ಅವನು ಉಪ್ಪು ಸುರಿಯಲಿಲ್ಲ, ಹರಕೆ ಹೊರಲಿಲ್ಲ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದ ಹೆಂಡತಿಯ ಪಕ್ಕ ಕೂತು, “ಈಗ ಎಲ್ಲಿರುತ್ತವೆ?” ಎಂದು ಕೇಳಿದ. “ನೆಲ್ಲಿಮರದ ಕೆಳಗೆ. ಮೇಲೆ ಕೋತಿಗಳು ಕಾಯಿ ಕಿತ್ತು ಕಿತ್ತು ಬಿಸಾಡುತ್ತವೆ, ಕೆಳಗೆ ಇವು ಆರಿಸಿ ತಿನ್ನುತ್ತವೆ” ಎಂದಳು ಅವಳು. ಅಲ್ಲಿಂದಾಚೆಗೆ ಕಾಲ ತಿರುಗಿದಾಗಲೆಲ್ಲ ಅವನು ಕೇಳುತ್ತಿದ್ದ. ಎಲ್ಲಿಗೆ ಎನ್ನಬಾರದೆಂಬ ಕಟ್ಟಳೆ ಆ ಒಂದು ಮನೆಯಲ್ಲಿ ತಾನಾಗಿ ಸತ್ತುಹೋಯಿತು.

ಅಜ್ಜಯ್ಯ ಕತೆ ನಿಲ್ಲಿಸಿ ಮೊರದಲ್ಲಿ ಉಳಿದಿದ್ದ ಕಾಯಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಸಿದ್ದಶೆಟ್ಟಿ ಒಂದು ಕಾಯಿಯನ್ನೂ ಸುಲಿದಿರಲಿಲ್ಲ. ಅವನ ಮನಸ್ಸಿನಲ್ಲಿ ಏನೋ ಒಪ್ಪದೆ ನಿಂತಿತ್ತು.

“ಬುದ್ಧಿ, ತಪ್ಪು ತಿಳಿಯಬಾರದು. ಅವನು ಜಿಂಕೆಯನ್ನು ಹುಡುಕಿದ್ದು ಕೊಲ್ಲುವುದಕ್ಕೆ. ನಾನು ಹೆತ್ತ ತಂದೆ. ಅವನ ಕತೆ ನನಗೆ ಹೇಗೆ ಸಲ್ಲುತ್ತದೆ?”

“ಕೊಲ್ಲಲು ಹೊರಟವನೇ ಜಿಂಕೆಗೆ ಈಗ ಏನು ಬೇಕು, ಅದು ಯಾವುದಕ್ಕೆ ಹೆದರಿದೆ ಎಂದು ಮನೆಗೆ ಬಂದು ಹೆಂಡತಿಯಿಂದ ಕೇಳಿ ತಿಳಿದುಕೊಂಡ. ಎತ್ತಿ ಆಡಿಸಿ ಸಾಕಿದವನು ನೀನು, ಯಾರನ್ನು ಕೇಳಿದೆ ಶೆಟ್ಟಿ?”