ಒಡ್ಡಿನೊಳಗಿನ ಮರಗಳು

“ಗುರುಗಳೇ, ಹೊಸದಾಗಿ ಬಂದ ಬಸವಂತ ನನ್ನ ನೆಮ್ಮದಿ ಕೆಡಿಸಿದ್ದಾನೆ. ಬೆನ್ನ ಹಿಂದೆ ಏನೋ ನಡೆಸಿದ್ದಾನೆ. ಅವನನ್ನು ಮಠದಿಂದ ಕಳುಹಿಸಬಾರದೇ?” ಎಂದು ಶಿಷ್ಯ ನಿರ್ವಾಣಪ್ಪ ಕೇಳಿದ.

ಗುರುಗಳು ಹೇಳಿದರು:

ಬೆಟ್ಟದ ತಪ್ಪಲಲ್ಲಿ ಒಬ್ಬ ವ್ಯಾಪಾರಿಯಿದ್ದ. ಅವನ ಹಿತ್ತಿಲ ಅಂಚಿಗೆ ತಾಯಿ ನೆಟ್ಟ ತಾಲೀಸದ ಮರಗಳಿದ್ದವು. ಸೂಜಿಯಂಥ ಎಲೆ, ಬೇಸಗೆಯಲ್ಲೂ ಹಸುರು. ತಾಯಿ ತೀರಿಕೊಂಡ ಮೇಲೆ ಅವನ ಜೀವವೆಲ್ಲ ಆ ಮರಗಳ ಮೇಲೆ. ಹೀಗಿರಲು ಕೆಳಗಿನ ಮನೆಗೆ ನೂಲಿಗೆ ಬಣ್ಣ ಹಾಕುವವನೊಬ್ಬ ಬಂದು ಸೇರಿದ.

ವ್ಯಾಪಾರಿಯ ತಲೆಗೆ ಹುಳ ಹೊಕ್ಕಿತು. ಪರ ಊರಿನವನು, ಅದರಲ್ಲೂ ನಗುನಗುತ್ತ ಮಾತಾಡುವವನು! ಇವನ ಬಣ್ಣದ ನೀರು ನನ್ನ ಮರದ ಬುಡಕ್ಕೆ ಬಾರದೇ ಇದ್ದೀತೇ? ಕೂಡಲೇ ಮರಗಳ ಸುತ್ತ ಜೇಡಿಮಣ್ಣಿನ ಒಡ್ಡು ಕಟ್ಟಿಸಿದ.

ಮಳೆಗಾಲ ಬಂತು. ಎಲೆ ಹಳದಿಗೆ ತಿರುಗಿತು. “ನಾನು ಅಂದುಕೊಂಡಂತೆಯೇ ಆಯಿತು!” ಎಂದು ಒಡ್ಡನ್ನು ಇನ್ನಷ್ಟು ಎತ್ತರಿಸಿದ. ಎಲೆ ಉದುರತೊಡಗಿತು. ಅಯ್ಯೋ, ಅವನ ಸಂಕಟವನ್ನು ಏನು ಹೇಳಲಿ! ಬಣ್ಣಗಾರ ಮರದ ಕಡೆ ನೋಡಿದರೆ, ದೃಷ್ಟಿ ಹಾಕಿದ ಎಂದ. ನೋಡದಿದ್ದರೆ, ತಪ್ಪು ಮಾಡಿದವನು ಹೇಗೆ ತಾನೇ ನೋಡಿಯಾನು ಎಂದ.

ಬಣ್ಣಗಾರ ಬಂದು ಕೈಮುಗಿದ. “ಸಾಹುಕಾರರೇ, ನಿಮ್ಮ ಮನೆ ಮೇಲೆ, ನನ್ನದು ಕೆಳಗೆ. ನನ್ನ ನೀರು ಏರು ಹತ್ತಿ ಬಂದೀತೇ?”

“ತಾನಾಗಿ ಹತ್ತದು. ಕದ್ದು ಹೊತ್ತು ತಂದು ಸುರಿಯುತ್ತೀಯೆ!”

ವ್ಯಾಪಾರಿ ಊರ ಹಿರಿಯರ ಕಿವಿ ಊದಿ ಅವನನ್ನು ಊರು ಬಿಡಿಸಿಯೇ ಬಿಟ್ಟ. ಪಾಪ, ಬಣ್ಣಗಾರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಳೆಯಲ್ಲೇ ಹೊರಟ.

ಕೆಳಗಿನ ಮನೆ ಬರಿದಾಯಿತು. ಮರಗಳು ಮಾತ್ರ ಹಳದಿಯಾಗುತ್ತಲೇ ಹೋದವು. ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ರೈತ ನಿಂತು, ಬುಡದ ಮಣ್ಣು ಕೆದಕಿ ಮೂಸಿದ. ಬೇರು ಕೊಳೆತು ನಾರುತ್ತಿತ್ತು. ಕೆದಕಿದಲ್ಲಿ ಒಸರಿದ್ದು ಬರೀ ಮಳೆನೀರು. ಬಣ್ಣದ ಸುಳಿವೇ ಇಲ್ಲ.

“ಈ ಮರಕ್ಕೆ ನಿಂತ ನೀರು ಆಗದು. ಒಡ್ಡು ಒಡೆಯಿರಿ. ನೀರು ಹರಿದುಹೋದರೆ ಉಳಿದ ಬೇರಾದರೂ ಬದುಕೀತು,” ಎಂದ.

ವ್ಯಾಪಾರಿ ಗುದ್ದಲಿ ಎತ್ತಿದ. ಎತ್ತಿದವನು ರೈತನ ಮುಖ ನೋಡಿದ. ಕರೆಯದೆ ಬಂದವನು ಇವನು. ಕಳಿಸಿದವರು ಯಾರು? ಆ ಬಣ್ಣಗಾರನೇ ಇರಬಹುದಲ್ಲ?

ಗುದ್ದಲಿ ಕೆಳಗಿಳಿಯಿತು. ಒಡ್ಡಿನ ಮೇಲೆ ಇನ್ನೊಂದು ಪದರ ಮಣ್ಣು ಬಿತ್ತು. ಮಳೆ ನಿಲ್ಲುವಷ್ಟರಲ್ಲಿ ತಾಯಿ ನೆಟ್ಟದ್ದು ಒಂದೂ ಉಳಿಯಲಿಲ್ಲ.

ಕತೆ ಮುಗಿಸಿ ಗುರುಗಳು ಎದ್ದರು.

“ಬಸವಂತನನ್ನು ಈಗಲೇ ಕಳಿಸುತ್ತೇನೆ, ನಿರ್ವಾಣಪ್ಪ, ಆಮೇಲೂ ನಿನಗೆ ನೆಮ್ಮದಿ ಬಾರದಿದ್ದರೆ ಯಾರನ್ನು ಕಳಿಸಲಿ?”